ಓಜು ಚಿತ್ರಗಳ ನೊರಿಕೊ ಒಬ್ಬಳೇನಾ? – ಪ್ರತಿಕ್ರಿಯೆ

ಓಜು ಚಿತ್ರಗಳ ನೊರಿಕೊ ಒಬ್ಬಳೇನಾ, ಹಾಗಾದರೆ ಅಪ್ಪನ ವಯಸ್ಸು ಯಾಕೆ ಹಿಂದೆಮುಂದೆ ಆಗಿದೆ ಎಂದು ಕೇಳಿದ್ದೀರಿ. ನಿಮ್ಮ ಗೊಂದಲಕ್ಕೆ ಕಾರಣ ಹೆಸರು. ಜಪಾನಿನ ನಿರ್ದೇಶಕ ಯಸುಜಿರೊ ಓಜು ಅವರ 'ಲೇಟ್ ಸ್ಪ್ರಿಂಗ್' (1949), 'ಅರ್ಲಿ ಸಮ್ಮರ್' (1951), 'ಟೋಕಿಯೋ ಸ್ಟೋರಿ' (1953) ಮೂರರಲ್ಲೂ ನಟಿ ಸೆತ್ಸುಕೊ ಹಾರಾ ಪಾತ್ರದ ಹೆಸರು ನೊರಿಕೊ. ಆದರೆ ಮೂವರೂ ಬೇರೆ ಬೇರೆ ಹೆಣ್ಣುಮಕ್ಕಳು, ಕಥೆ ಮುಂದುವರಿಯುವುದಿಲ್ಲ. ಅಪ್ಪನ ವಯಸ್ಸು ಹಿಂದೆಮುಂದೆ ಆಗಿದೆ ಎಂದಿರಲ್ಲ, ಅದು ನಟ ಚಿಶು ರ್ಯು ಇರಬೇಕು: ಮೊದಲನೆಯದರಲ್ಲಿ ಅಪ್ಪ, ಎರಡನೆಯದರಲ್ಲಿ ಅಣ್ಣ, ಮೂರನೆಯದರಲ್ಲಿ ಮಾವ (ಗಂಡನ ಅಪ್ಪ). ಆ ಮುದಿ ಮಾವನ ಪಾತ್ರ ಮಾಡಿದಾಗ ಅವರಿಗಿನ್ನೂ 49! ಬೆನ್ನು ಬಾಗಿಸಿ ಕೂತ ಭಂಗಿ ನೋಡಿದರೆ ನಂಬುವುದೇ ಕಷ್ಟ.

ತೆರೆಕಂಡ ಕ್ರಮದಲ್ಲೇ ನೋಡಿ. ಆಮೇಲೆ 'ಲೇಟ್ ಆಟಮ್' (1960), ಅದರಲ್ಲಿ ಹಾರಾ ಮದುವೆ ವಯಸ್ಸಿನ ಮಗಳ ತಾಯಿ. ಇದನ್ನು ಮೊದಲೇ ನೋಡಿಬಿಟ್ಟರೆ, 'ಲೇಟ್ ಸ್ಪ್ರಿಂಗ್'ನಲ್ಲಿ ಅಪ್ಪನನ್ನು ಬಿಟ್ಟುಹೋಗಲಾರದೆ ಒದ್ದಾಡಿದ ಅದೇ ಹಾರಾ ಈಗ ಅಪ್ಪನ ಜಾಗದಲ್ಲಿ ಕೂತಿದ್ದಾಳೆ ಅನ್ನುವುದು ಮನಸ್ಸಿಗೆ ತಟ್ಟುವುದಿಲ್ಲ.