ಮೇಲಿನ ಮನೆಯ ನೀರು, ಕೆಳಗಿನ ಮನೆಯ ಸೂರು

ಪ್ರಶ್ನೆ: ಮುಂಬಯಿಯ ಮುಲುಂಡಿನ ಹಳೆಯ ಹೌಸಿಂಗ್ ಸೊಸೈಟಿಯಲ್ಲಿದ್ದೇವೆ. ಮೇಲಿನವರ ಬಾತ್‌ರೂಮಿನ ನೀರು ನಮ್ಮ ಸೀಲಿಂಗಿಗೆ ಇಳಿಯುತ್ತಿದೆ. ಸೊಸೈಟಿಯೇ ರಿಪೇರಿ ಮಾಡಿಸಬೇಕಲ್ಲವೇ?

ಉತ್ತರ: ಇಲ್ಲ. ಟೆರೇಸು, ಹೊರಗೋಡೆಯ ಪೈಪುಗಳ ಸೋರಿಕೆ ಸೊಸೈಟಿಯ ಖರ್ಚು. ಬಾತ್‌ರೂಮು, ಸಿಂಕಿನ ಒಳಸೋರಿಕೆ ಆ ಮನೆಯ ಸದಸ್ಯರದ್ದು. ಆದರೆ ಟೈಲ್ಸ್ ಒಡೆಸುವ ಮೊದಲು ಪರೀಕ್ಷಿಸಿ. ಯಾರೂ ನೀರು ಬಳಸದಿದ್ದರೂ ತೊಟ್ಟಿಕ್ಕುತ್ತಿದ್ದರೆ ಗೋಡೆಯೊಳಗಿನ ನಲ್ಲಿ ಪೈಪನ್ನು ಶಂಕಿಸಿ. ಸ್ನಾನವಾದ ಮೇಲಷ್ಟೇ ಆದರೆ, ಮೇಲಿನವರ ನಹಾನಿ ಟ್ರ್ಯಾಪಿಗೆ (ಬಾತ್‌ರೂಮಿನ ನೆಲದ ನೀರು ಹೋಗುವ ಕಿಂಡಿಗೆ) ಬಟ್ಟೆ ತುರುಕಿ, ಬಣ್ಣ ಕಲಸಿದ ನೀರನ್ನು ಒಂದೂವರೆ ಇಂಚು ನಿಲ್ಲಿಸಿ, 24 ಗಂಟೆ ಬಿಡಿ. ಕೆಳಗೆ ಬಣ್ಣ ಕಂಡರೆ ನೆಲದ ವಾಟರ್‌ಪ್ರೂಫಿಂಗ್ ಹೋಗಿದೆ. ಕಾಣದಿದ್ದರೆ ಬಟ್ಟೆ ತೆಗೆಯಿರಿ. ಆಮೇಲೆ ಇಳಿದರೆ ತಪ್ಪು ಟ್ರ್ಯಾಪಿನ ಜಾಯಿಂಟಿನದ್ದು, ಅಷ್ಟನ್ನೇ ಒಡೆದರೆ ಸಾಕು.

ಟೈಲ್ಸ್ ಸಂದಿಗೆ ವೈಟ್ ಸಿಮೆಂಟ್ ಮೆತ್ತಿ ಕೈತೊಳೆದುಕೊಳ್ಳುವ ಮೇಸ್ತ್ರಿಗಳೇ ಹೆಚ್ಚು. ಟೈಲ್ಸ್ ಅಡಿಯ ಇಟ್ಟಿಗೆ ಚೂರಿನ ಪದರ (ಕೋಬಾ) ನೀರು ಕುಡಿದಿದ್ದರೆ ಆ ಮೆತ್ತಿದ ಸಿಮೆಂಟು ಕೆಲವೇ ತಿಂಗಳ ಆಟ. ನಿಮ್ಮ ಸೀಲಿಂಗಿಗೂ ಪೂರ್ತಿ ಒಣಗುವ ತನಕ ಬಣ್ಣ ಬೇಡ. ಪ್ಲಾಸ್ಟರ್ ಉದುರಿ ಸರಳು ಕಂಡರೆ ಮೊದಲು ತುಕ್ಕು ಉಜ್ಜಿಸಿ, ರಕ್ಷಕ ಲೇಪ ಹಚ್ಚಿಸಿ. ಮೇಲಿನವರು ಒಪ್ಪದಿದ್ದರೆ ಫೋಟೋ ಸಮೇತ ಸೆಕ್ರೆಟರಿಗೆ ಪತ್ರ ಕೊಟ್ಟು, ನಕಲಿನ ಮೇಲೆ ಸಹಿ, ಮುದ್ರೆ ಹಾಕಿಸಿಕೊಳ್ಳಿ. ವಾಟ್ಸಾಪ್ ಗ್ರೂಪಿನ ಜಗಳವನ್ನೇ ದಾಖಲೆಯೆಂದು ನೆಚ್ಚಬೇಡಿ.

ಪ್ರಶ್ನೆ: ಡೊಂಬಿವಿಲಿಯ ಫ್ಲ್ಯಾಟ್ ಬಾಡಿಗೆಗೆ ಕೊಟ್ಟಿದ್ದೇನೆ. ಮಾಲೀಕರು ತಾವೇ ವಾಸವಿಲ್ಲದಿದ್ದರೆ ಸೊಸೈಟಿ ಹಾಕುವ ನಾನ್-ಆಕ್ಯುಪೆನ್ಸಿ ಶುಲ್ಕ ಎಷ್ಟು ಕೊಡಬೇಕು?

ಉತ್ತರ: ಸರ್ವಿಸ್ ಚಾರ್ಜಿನ (ಸೊಸೈಟಿ ಬಿಲ್ಲಿನಲ್ಲಿ ಕಾವಲು, ಸ್ವಚ್ಛತೆಯಂಥ ಸೇವೆಗಳ ಪಾಲು) ಶೇ. 10ಕ್ಕಿಂತ ಹೆಚ್ಚಿಲ್ಲ. ಲೆಕ್ಕದಲ್ಲಿ ಪಾಲಿಕೆಯ ತೆರಿಗೆ ಸೇರಬಾರದು. ಬಿಲ್ಲಿನ ಒಟ್ಟು ಮೊತ್ತದ ಮೇಲೆ ಹಾಕಿದ್ದರೆ ಬರೆದು ಪ್ರಶ್ನಿಸಿ. ಮಗನೋ ಮಗಳೋ ವಾಸವಿದ್ದರೆ ಈ ಶುಲ್ಕವೇ ಇಲ್ಲ.