ಓದುಗರ ಪ್ರಶ್ನೆ: ರುದ್ರಪಟ್ಟಣದ ವಿದ್ವಾಂಸರು

ಪ್ರಶ್ನೆ: ವಿದ್ವಾನ್ ಆರ್. ಕೆ. ಶ್ರೀಕಂಠನ್ ಅವರು ಯಾರಲ್ಲಿ ಸಂಗೀತ ಕಲಿತರು? ಮದರಾಸಿನ ಮನ್ನಣೆ ಅವರಿಗೆ ತಡವಾಗಿ ದೊರೆಯಿತೆ?

ಉತ್ತರ: ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿಯ ದಡದಲ್ಲಿರುವ ರುದ್ರಪಟ್ಟಣ ಸಂಗೀತಗಾರರ ಊರೆಂದೇ ಹೆಸರಾದುದು. 1920ರ ಜನವರಿಯಲ್ಲಿ ಅಲ್ಲಿ ಜನಿಸಿದ ಕರ್ನಾಟಕ ಸಂಗೀತದ ಗಾಯಕ ಶ್ರೀಕಂಠನ್ ಅವರಿಗೆ ಮೊದಲ ಪಾಠ ಮನೆಯಲ್ಲಿಯೇ ಆಯಿತು. ಮುಂದೆ ಮೈಸೂರಿನಲ್ಲಿ ಪಿಟೀಲು ವಿದ್ವಾಂಸರಾಗಿದ್ದ ಅಣ್ಣ ವೆಂಕಟರಾಮ ಶಾಸ್ತ್ರಿಗಳೇ ಅವರ ಗುರುಗಳಾದರು. ಗಾಯಕರೊಬ್ಬರು ಪಿಟೀಲು ವಾದಕರಿಂದ ಕಲಿತುದು ಗಮನಾರ್ಹ. ಅವರ ಗಾಯನದ ಕರಾರುವಾಕ್ಕಾದ ಶ್ರುತಿಶುದ್ಧಿಗೆ ಈ ಶಿಕ್ಷಣವೂ ಒಂದು ಕಾರಣವೆಂದು ನಮಗೆ ತೋರುತ್ತದೆ.

ಅವರ ವೃತ್ತಿಜೀವನದ ಬಹುಭಾಗ ಆಕಾಶವಾಣಿಯಲ್ಲಿ ಕಳೆಯಿತು. ರೇಡಿಯೊದ ಸಂಗೀತ ಪಾಠಗಳ ಮೂಲಕ, ಗುರುವಿನ ಮನೆಗೆ ಹೋಗುವ ಅನುಕೂಲವಿಲ್ಲದ ಎಷ್ಟೋ ಮಂದಿ ಅವರಿಂದ ಕೃತಿಗಳನ್ನೂ ದೇವರನಾಮಗಳನ್ನೂ ಕಲಿತರು. ಸಾಹಿತ್ಯದ ಉಚ್ಚಾರಣೆಯಲ್ಲಿ ಅವರು ರಾಜಿಯಾಗುತ್ತಿರಲಿಲ್ಲ. ಪದವನ್ನು ಎಲ್ಲೆಂದರಲ್ಲಿ ಒಡೆಯುವ ಇಂದಿನ ಕೆಲವು ಗಾಯಕರು ಅವರ ಧ್ವನಿಮುದ್ರಿಕೆಗಳನ್ನು ಕೇಳುವುದು ಒಳಿತು.

ಕರ್ನಾಟಕ ಸಂಗೀತದ ಅತ್ಯುನ್ನತ ಗೌರವಗಳಲ್ಲೊಂದೆನಿಸಿದ, ಮದರಾಸ್ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಅವರಿಗೆ 1995ರಲ್ಲಿ ಸಂದಿತು. ಆಗ ಅವರಿಗೆ ಎಪ್ಪತ್ತೈದು ವರ್ಷವಾಗಿದ್ದುದರಿಂದ ತಡವಾಯಿತೆಂಬ ತಮ್ಮ ಅನುಮಾನ ನ್ಯಾಯವಾದುದೇ. ಪದ್ಮಭೂಷಣ ಬಂದುದು 2011ರಲ್ಲಿ. ತೊಂಬತ್ತು ದಾಟಿದ ಮೇಲೂ ಕಛೇರಿ ನಡೆಸಿದ ಅವರು 2014ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಅವರ ಪುತ್ರ ರುದ್ರಪಟ್ಟಣಂ ಎಸ್. ರಮಾಕಾಂತ್ ಅವರೂ ಗಾಯಕರು.