ಅಪ್ಪ-ಅಮ್ಮನ ಜೊತೆ ಮೆಲ್ಬರ್ನ್‌ನ ಹಳೆಯ ಕಟ್ಟಡಗಳು: ಒಂದೇ ದಿನ ಇದ್ದರೆ ಎಲ್ಲಿಂದ ಶುರು ಮಾಡಬೇಕು?

ಊರಿಂದ ಬರುವ ಅಪ್ಪ-ಅಮ್ಮನಿಗೆ ಒಂದೇ ದಿನದಲ್ಲಿ ಯಾವ ಯಾವ ಕಟ್ಟಡ ತೋರಿಸಲಿ, ಹೆಚ್ಚು ನಡೆಸದೆ ಹೇಗೆ ತೋರಿಸಲಿ ಎಂದು ಕೇಳಿದ್ದೀರಿ. ಕಾರ್ಲ್‌ಟನ್ ಗಾರ್ಡನ್ಸ್‌ನಿಂದ ಶುರು ಮಾಡಿ, ಪಾರ್ಲಿಮೆಂಟ್ ಮುಂದಿನಿಂದ ಕಾಲಿನ್ಸ್ ಸ್ಟ್ರೀಟ್ ಹಿಡಿದು ಕೆಳಗಿಳಿಯಿರಿ. ಎಲಿಜಬೆತ್ ಸ್ಟ್ರೀಟ್‌ವರೆಗೂ ಇಳಿಜಾರೇ. ಇದನ್ನೇ ಉಲ್ಟಾ ಮಾಡಿದರೆ ವಯಸ್ಸಾದವರಿಗೆ ಏರು ಹತ್ತುವ ಕೆಲಸ.

ಮೊದಲು ಆ ಗಾರ್ಡನ್ಸ್‌ನಲ್ಲೇ ಇರುವ ರಾಯಲ್ ಎಕ್ಸಿಬಿಷನ್ ಬಿಲ್ಡಿಂಗ್. 1851ರಲ್ಲಿ ಚಿನ್ನ ಸಿಕ್ಕ ಮೇಲೆ ಈ ಊರಿಗೆ ಹರಿದುಬಂದ ಹಣ ಎಷ್ಟಿತ್ತು ಎನ್ನುವುದು ಇಲ್ಲಿ ಗೊತ್ತಾಗುತ್ತದೆ. ಜೋಸೆಫ್ ರೀಡ್ ವಿನ್ಯಾಸ ಮಾಡಿದ ಕಟ್ಟಡ. 1879ರ ಫೆಬ್ರವರಿಯಲ್ಲಿ ಅಡಿಗಲ್ಲು, 1880ರ ಅಕ್ಟೋಬರ್ 1ಕ್ಕೆ ಅಂತರರಾಷ್ಟ್ರೀಯ ಪ್ರದರ್ಶನದ ಉದ್ಘಾಟನೆ. ಗುಮ್ಮಟದ ಎತ್ತರ 68 ಮೀಟರ್. ಆಸ್ಟ್ರೇಲಿಯಾದ ಮೊದಲ ಸಂಸತ್ತು 1901ರ ಮೇ 9ರಂದು ಉದ್ಘಾಟನೆಯಾದದ್ದು ಇಲ್ಲೇ. 2004ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಒಳಗೆ ಹೋಗಲು ಪಕ್ಕದ ಮ್ಯೂಸಿಯಂ ಮೂಲಕ ಟೂರ್ ಟಿಕೆಟ್ ಬೇಕು. ವಸ್ತುಪ್ರದರ್ಶನ, ಪರೀಕ್ಷೆಗಳಿಗೂ ಇದನ್ನು ಕೊಡುವುದರಿಂದ ಕೆಲವು ದಿನ ಟೂರ್ ಇರುವುದಿಲ್ಲ. ಮುಂಚೆಯೇ ಬುಕ್ ಮಾಡಿ. ಇನ್ನೊಂದು ವಿಷಯ: ಅಲ್ಲಿ ಸೂರ್ಯ ಉತ್ತರದ ಕಡೆಯಿಂದ ಹಾಯುತ್ತಾನೆ, ಈ ಕಟ್ಟಡದ ಮುಖ ದಕ್ಷಿಣಕ್ಕಿದೆ. ಚಳಿಗಾಲದಲ್ಲಿ ಮುಂಭಾಗವೆಲ್ಲ ನೆರಳು, ಫೋಟೊ ಮಂಕಾಗಿ ಬರುತ್ತದೆ.

ನಿಕೋಲ್ಸನ್ ಸ್ಟ್ರೀಟ್‌ನಲ್ಲಿ ಹತ್ತು-ಹದಿನೈದು ನಿಮಿಷ ನಡೆದರೆ ವಿಕ್ಟೋರಿಯಾ ರಾಜ್ಯದ ಪಾರ್ಲಿಮೆಂಟ್ ಹೌಸ್. ಅಧಿವೇಶನ ಇಲ್ಲದ ವಾರದ ದಿನಗಳಲ್ಲಿ ಉಚಿತ ಟೂರ್ ಉಂಟು, ಬ್ಯಾಗ್ ತಪಾಸಣೆ ಇರುತ್ತದೆ. ಮೆಟ್ಟಿಲ ಮೇಲೆ ನಿಂತು ತಲೆಯೆತ್ತಿ ನೋಡಿ: ನಕ್ಷೆಯಲ್ಲಿದ್ದ ದೊಡ್ಡ ಗುಮ್ಮಟ ಅಲ್ಲಿಲ್ಲ. 1880ರ ದಶಕದಲ್ಲಿ ಜಮೀನಿನ ಬೆಲೆ ವಿಪರೀತ ಏರಿತು, 1890ರ ದಶಕದಲ್ಲಿ ಕುಸಿದು ಬ್ಯಾಂಕುಗಳೇ ಮುಚ್ಚಿದವು. ಗುಮ್ಮಟ ಕಾಗದದಲ್ಲೇ ಉಳಿಯಿತು. ನನಗೆ ಇಡೀ ಊರಿನಲ್ಲಿ ಅತಿ ಮುಖ್ಯ ಅನಿಸುವ ಜಾಗ ಇದು. ಸಮೀಪದಲ್ಲೇ, ಕಾಲಿನ್ಸ್ ಸ್ಟ್ರೀಟ್‌ನ ತುದಿಯಲ್ಲಿ ಓಲ್ಡ್ ಟ್ರೆಷರಿ, ಅಂದರೆ ಹಳೆಯ ಖಜಾನೆ ಕಟ್ಟಡ ಇದೆ. ಅದರ ವಿನ್ಯಾಸಕ್ಕೆ ಕೈಹಾಕಿದಾಗ ಜೆ. ಜೆ. ಕ್ಲಾರ್ಕ್‌ಗೆ 19 ವರ್ಷ. ನೆಲಮಾಳಿಗೆಯಲ್ಲಿ ಚಿನ್ನ ಇಡಲು ಕಟ್ಟಿದ ಭದ್ರ ಕೋಣೆಗಳಿವೆ.

ಕಾಲಿನ್ಸ್ ಸ್ಟ್ರೀಟ್ ಇಳಿಯುವಾಗ ಅಡಿಪಾಯಗಳ ಕಡೆ ಕಣ್ಣಿಡಿ. ಅಲ್ಲಿ ಬ್ಲೂಸ್ಟೋನ್ ಅನ್ನುವ ಕಲ್ಲು ಬಸಾಲ್ಟ್. ವಿಜಯಪುರದ ಗೋಲಗುಮ್ಮಟದ ಕಲ್ಲಿನದೇ ಜಾತಿ. ಗಟ್ಟಿ, ಆದರೆ ಸೂಕ್ಷ್ಮ ಕೆತ್ತನೆಗೆ ಬಗ್ಗುವುದಿಲ್ಲ. ಹಾಗಾಗಿ ಪಾರ್ಲಿಮೆಂಟ್‌ನಂಥ ಕಡೆ ಬುಡಕ್ಕೆ ಬ್ಲೂಸ್ಟೋನ್, ಮೇಲೆ ಮರಳುಗಲ್ಲು. ಹಳೆಯ ಗಲ್ಲಿಗಳ ನೆಲಕ್ಕೂ ಇದೇ ಕಲ್ಲು. ಮಳೆ ಬಂದರೆ ಜಾರುತ್ತದೆ, ಅಪ್ಪ-ಅಮ್ಮನಿಗೆ ಚಪ್ಪಲಿ ಬೇಡ, ಹಿಡಿತವಿರುವ ಶೂ ಹಾಕಿಸಿ.

1837ರ ಊರಿನ ನಕ್ಷೆಯಲ್ಲಿ ಒಂದೊಂದು ಬ್ಲಾಕ್ ಸುಮಾರು 200 ಮೀಟರ್ ಚೌಕ. ಒಳಗಿನ ಜಾಗ ವ್ಯರ್ಥವಾಗದಿರಲಿ ಎಂದೇ ಗಲ್ಲಿಗಳು, ಆರ್ಕೇಡ್‌ಗಳು (ಚಾವಣಿ ಇರುವ ಅಂಗಡಿ ಸಾಲುಗಳು) ಹುಟ್ಟಿಕೊಂಡವು. ಬ್ಲಾಕ್ ಆರ್ಕೇಡ್‌ನ ಮೊಸಾಯಿಕ್ ನೆಲ ನೋಡಿಕೊಂಡು ಹಿಂಬದಿಯಿಂದ ಹೊರಬಿದ್ದು ಲಿಟಲ್ ಕಾಲಿನ್ಸ್ ದಾಟಿದರೆ 1870ರ ರಾಯಲ್ ಆರ್ಕೇಡ್. ಊರಿನಲ್ಲಿ ಉಳಿದಿರುವ ಆರ್ಕೇಡ್‌ಗಳಲ್ಲಿ ಅತಿ ಹಳೆಯದು. ಗಂಟೆ ಹೊಡೆಯುವ ಗಾಗ್, ಮೇಗಾಗ್ ಎಂಬ ದೈತ್ಯರ ಬೊಂಬೆಗಳನ್ನು ನೋಡಬೇಕಾದರೆ ಗಂಟೆ ಹೊಡೆಯುವುದಕ್ಕೆ ಐದು ನಿಮಿಷ ಮೊದಲೇ ಅಲ್ಲಿರಿ.

ಊಟ ಮುಗಿಸಿ ಸ್ವಾನ್‌ಸ್ಟನ್ ಸ್ಟ್ರೀಟ್‌ನಲ್ಲಿ ಟ್ರಾಮ್ ಹಿಡಿದು ಸ್ಟೇಟ್ ಲೈಬ್ರರಿಗೆ ಹೋಗಿ. ಇದು ಟ್ರಾಮ್‌ಗೆ ದುಡ್ಡು ಕೊಡಬೇಕಿಲ್ಲದ ಉಚಿತ ವಲಯ. ಇಲ್ಲಿ ಮೈಕಿ ಕಾರ್ಡ್ (ಟಿಕೆಟ್ ಬದಲು ಬಳಸುವ ಪ್ರಯಾಣದ ಕಾರ್ಡ್) ಯಂತ್ರಕ್ಕೆ ಮುಟ್ಟಿಸಬಾರದು, ಮುಟ್ಟಿಸಿದರೆ ದುಡ್ಡು ಹೋಗುತ್ತದೆ. ಲೈಬ್ರರಿಗೆ ಪ್ರವೇಶ ಉಚಿತ. 1913ರ ಕಾಂಕ್ರೀಟ್ ಗುಮ್ಮಟದ ಕೆಳಗಿನ ಎಂಟು ಮೂಲೆಯ ಓದುಕೋಣೆಯನ್ನು ಲಿಫ್ಟ್‌ನಲ್ಲಿ ಮೇಲೆ ಹೋಗಿ ಬಾಲ್ಕನಿಯಿಂದ ನೋಡಿ. ಗುಮ್ಮಟದ ಬೆಳಕಿಂಡಿಗಳ ಗಾಜು ಸೋರುತ್ತಿದ್ದುದರಿಂದ 1959ರಲ್ಲಿ ತಾಮ್ರದ ತಗಡು ಹೊದಿಸಿಬಿಟ್ಟಿದ್ದರು. ದಶಕಗಟ್ಟಲೆ ಕತ್ತಲಲ್ಲಿದ್ದ ಕೋಣೆಗೆ 2003ರಲ್ಲಿ ಮತ್ತೆ ಬೆಳಕು ಬಂತು.

ಸಂಜೆಗೆ ಅದೇ ದಾರಿಯಲ್ಲಿ ಟ್ರಾಮ್ ಹಿಡಿದು ವಾಪಸು ಬಂದರೆ 1910ರ ಫ್ಲಿಂಡರ್ಸ್ ಸ್ಟ್ರೀಟ್ ಸ್ಟೇಷನ್, ಎದುರಿಗೆ ಸೇಂಟ್ ಪಾಲ್ಸ್ ಕ್ಯಾಥೆಡ್ರಲ್. ಕ್ಯಾಥೆಡ್ರಲ್‌ನ ಶಿಖರಗಳ ಬಣ್ಣ ಗೋಡೆಗಿಂತ ಬೇರೆ. ಅವು ದಶಕಗಳ ನಂತರ ಸಿಡ್ನಿಯ ಕಲ್ಲಿನಲ್ಲಿ ಎದ್ದವು.

ಕುಕ್ಸ್ ಕಾಟೇಜ್ ಬಿಟ್ಟುಬಿಡಿ. ಅದು 1934ರಲ್ಲಿ ಇಂಗ್ಲೆಂಡಿನಿಂದ ಬಿಚ್ಚಿ ತಂದು ಜೋಡಿಸಿದ ಮನೆ. ಒಂದೇ ದಿನ ಇರುವಾಗ ಈ ಊರಿನದೇ ಕಟ್ಟಡಗಳಿಗೆ ಸಮಯ ಕೊಡಿ. ದಿನ ಆರಿಸುವುದು ನಿಮ್ಮ ಕೈಯಲ್ಲಿದ್ದರೆ ವಾರಾಂತ್ಯ ಬೇಡ, ಪಾರ್ಲಿಮೆಂಟ್ ಅಧಿವೇಶನದ ದಿನಾಂಕ ನೋಡಿಕೊಂಡು ವಾರದ ದಿನವೇ ಇಟ್ಟುಕೊಳ್ಳಿ.